ಪೋಪರ ಪಟದ ಕೊನೀ ಸಾಲು

ದೀಪಾವಳಿ ಮುಗಿದು ಸ್ವಲ್ಪ ದಿನ ಆಗಿತ್ತು. ಹಿಂಗಾರಿ ಜ್ವಾಳ ಮೊಣಕಾಲ ಮಟ ಬಂದು, ಹೊಲದ ಕಡಿಂದ ಬರೋ ಗಾಳಿ ಹಗಲೊತ್ತಿನ್ಯಾಗೂ ತಂಪು ಹತ್ತತಿತ್ತು. ನಮ್ಮ ಬಿಜಾಪುರ ಜಿಲ್ಲಾ ಮೈಸೂರು ರಾಜ್ಯಕ್ಕ ಸೇರಿ ಎರಡು ವರ್ಷ ಆದ ಕಾಲ. ಇಳಿಹೊತ್ತಿನ ಅಸರ್ ನಮಾಜಿನ ಬಾಂಗ ಆಗೋದಕ್ಕ ತುಸು ಮೊದಲು, ಇಂಡಿ ಊರಾಗಿನ ನಮ್ಮ ಅಂಗಡಿಗೆ ದವಾಖಾನಿ ನರ್ಸಬಾಯಿ ಒಂದು ಉದ್ದನ ಸುರಳಿ ಹಿಡಕೊಂಡು ಬಂದಳು. ಎಲ್ಲಾ ಸುರು ಆದದ್ದು ಅಲ್ಲಿಂದ.

ನಮ್ಮದು ಫೋಟೋಗಳಿಗೆ ಕಟ್ಟು ಹಾಕೋ ಅಂಗಡಿ. ಮುಂದಿನ ಖೋಲಿ ಅಂಗಡಿ, ಹಿಂದಿನದು ಮನಿ. ನಮ್ಮ ಮನಿಯವರು ಕಾಸಿಂಸಾಬ ಕಟ್ಟಿಗಿ ಪಟ್ಟಿ ಕೊಯ್ದು ಮೊಳಿ ಬಡಿಯೋರು. ಗಾಜಿನ ಕಾಚು ತಿಕ್ಕೋದು, ರಟ್ಟು ಕತ್ತರಿಸೋದು ನನ್ನ ಪಾಲಿಗೆ. ಲಚ್ಯಾಣ ಮಠದ ಫೋಟೋ, ಲಕ್ಷ್ಮಿ, ಬಸವಣ್ಣ, ಮದುವಿಯಾದ ಜೋಡಿ, ತೀರಿಹೋದ ಹಿರ್ಯಾರು, ಎಲ್ಲಾರೂ ನಮ್ಮ ಕೈಯಾಗ ಹಾದು ಹೋದವರೇ. ನಮ್ಮ ಸ್ವಂತ ಮನಿ ಗ್ವಾಡಿಗೆ ಮಾತ್ರ ಒಂದು ಮುಖಾನೂ ತೂಗಹಾಕಿರಲಿಲ್ಲ. ಅದು ನಮ್ಮ ಪದ್ಧತಿ, ಇದು ನಮ್ಮ ಕಸಬು. ಎರಡಕ್ಕೂ ಎಂದೂ ಜಗಳ ಬಂದಿರಲಿಲ್ಲ.

ಅಂಗಡಿಯೊಳಗ ಒಂದು ಕಟ್ಟಳಿ ಇತ್ತು. ಕಾಚು ಕೂಡಿಸಿದ ಕಟ್ಟಿನೊಳಗ ಫೋಟೋ ಇಲ್ಲಾಂದ್ರ ಅದನ್ನ ಗ್ವಾಡಿಗೆ ಮುಖಾ ಮಾಡಿ ಇಡಬೇಕು. ಖಾಲಿ ಕಟ್ಟು ಮುಖಾ ಬೇಡತೈತಿ ಅನ್ನೋದು ನಮ್ಮ ಮಾವನ ಕಾಲದಿಂದ ಬಂದ ಮಾತು. ಅದಕ್ಕ ಏನು ಆಧಾರ ಅಂತ ಯಾರೂ ಕೇಳಿರಲಿಲ್ಲ, ಯಾರೂ ಮೀರಿರಲೂ ಇಲ್ಲ.

ಆಗ ನನ್ನ ನಾದಿನಿ ಅಬಿದಾ ಹಡ್ಯಾಕ ತವರಿಗೆ ಬಂದಿದ್ದಳು. ಆಕಿ ಗಂಡನ ಊರು ಇಂಗಳೇಶ್ವರ. ಹಿಂದಿನ ಎರಡೂ ಸಲ ಇದೇ ಮನಿಯಾಗ, ಸೂಲಗಿತ್ತಿ ಗುಂಡವ್ವನ ಕೈಯಾಗ ಹಡದಿದ್ದಳು. ಎರಡೂ ಕೂಸು ಉಳಿದಿರಲಿಲ್ಲ. ಇದು ಮೂರನೇದು, ದಿನ ತುಂಬಿದ್ದವು. ನರ್ಸಬಾಯಿ ಹೊಟ್ಟಿ ಮುಟ್ಟಿ ನೋಡಿ, "ಕೂಸು ಅಡ್ಡ ಮಲಗೇತಿ. ಬ್ಯಾನಿ ಸುರು ಆದ ಕೂಡ್ಲೆ ನನ್ನ ಕಡಿ ಕರಕೊಂಡ ಬರ್ರಿ. ಮನಿಯಾಗ ಕಾಯಕೊಂತ ಕೂಡಬ್ಯಾಡ್ರಿ" ಅಂತ ಹೇಳಿದ್ದಳು. ಅತ್ತಿ ಮಾಬುಬಿ ಹೂಂ ಅಂದಿದ್ದಳು. ನಮ್ಮ ಅತ್ತಿ ಹೂಂ ಅಂದರ ಅದು ಕಲ್ಲಿನ ಮ್ಯಾಲ ಬರದಂಗ. ಆಕಿ ಮಾತು ಮುರದದ್ದನ್ನ ನಾನು ಕಂಡದ್ದು ಆ ಒಂದು ಸಲ.

ನರ್ಸಬಾಯಿ ಹೆಸರು ಸೆವ್ರಿನಾ. ಖಾನಾಪುರ ಕಡೆಯ ಕಿರಸ್ತಾನರಾಕಿ. ಮನಿಮಾತು ಕೊಂಕಣಿ ಇದ್ದರೂ ನಮ್ಮಂಗನ ಮಾತಾಡತಿದ್ದಳು. ಇಂಡಿಯೊಳಗ ಆ ಮತದಾಕಿ ಅಂತ ನಾವು ಕಂಡದ್ದು ಆಕಿ ಒಬ್ಬಾಕಿನ್ನೇ. ದವಾಖಾನಿ ಹಿಂದಿನ ಸಣ್ಣ ಮನಿಯಾಗ ಒಬ್ಬಾಕಿನೇ ಇರತಿದ್ದಳು. ಮುಂದಿನ ಖೋಲಿಯಾಗ ಒಂದು ಮಂಚ ಹಾಕಿ, ಬಸುರಿ ಹೆಣ್ಣಮಕ್ಕಳನ್ನ ನೋಡೋದೂ ಅಲ್ಲೇ, ಹಡಸೋದೂ ಅಲ್ಲೇ.

"ಇದನ್ನ ನನ್ನ ಮುಂದಿನ ಖೋಲಿಯೊಳಗ, ಮಂಚದ ಎದುರಿನ ಗ್ವಾಡಿಗೆ ಹಾಕಬೇಕ್ರಿ ಕಾಸಿಂಸಾಬ್ರ. ಬಂಗಾರ ಬಣ್ಣದ ಪಟ್ಟಿ ಹಾಕ್ರಿ" ಅಂತ ಸುರಳಿ ಬಿಚ್ಚಿದಳು.

ಅಂಥ ಪಟ ನಾವು ಎಂದೂ ನೋಡಿರಲಿಲ್ಲ. ಮ್ಯಾಲಿಂದ ಕೆಳತನಕ ಸಾಲಿಗೆ ಸಾಲು ಬರೇ ಮುಖಗಳು. ಒಂದೊಂದು ಮುಖಕ್ಕೂ ಒಂದೊಂದು ಮನಿ, ನಾವು ಚೌಕಾಬಾರ ಆಟಕ್ಕ ನೆಲದ ಮ್ಯಾಲ ಮನಿ ಬರಿತೀವಲ್ಲ ಹಂಗ, ಇವು ಮಾತ್ರ ದುಂಡಗ. ಹಿಂದ ಬಂಗಾರದ ಬಣ್ಣ. ನಡುವ ಗೋಳಗುಮ್ಮಟದಂಥ ಗುಮ್ಮಟ ಇದ್ದ ಒಂದು ದೊಡ್ಡ ಗುಡಿ. ಎಲ್ಲಾದಕ್ಕಿಂತ ಮ್ಯಾಲ ಗಡ್ಡದ ಮುದುಕ ಒಬ್ಬ, ಕೈಯಾಗ ಎರಡು ಕೀಲಿಕೈ. ಕೆಲವರ ತಲಿ ಮ್ಯಾಲ ಮೂರಂತಸ್ತಿನ ಕಿರೀಟ, ಕೆಲವರಿಗೆ ಕೆಂಪು ಟೊಪಿಗಿ, ಕೆಳಗಿನವರಿಗೆ ಬಿಳೀ ಟೊಪಿಗಿ.

"ಯಾರ್ರಿ ಇವರೆಲ್ಲಾ? ಒಂದು ಊರ ಮಂದಿ ಕೂಡ್ಯಾರಲ್ಲ!" ಅಂದರು ನಮ್ಮ ಮನಿಯವರು.

"ನಮ್ಮ ಜಗದ್ಗುರುಗಳ್ರಿ. ಪೋಪ್ ಅಂತೀವಿ. ರೋಮ್ ಪಟ್ಟಣದಾಗ ಅವರ ಪೀಠ. ಮೊದಲನೇ ಗುರುವಿನಿಂದ ಹಿಡದು ಮೊನ್ನೆ ತೀರಿಕೊಂಡವರ ತನಕ ಎಲ್ಲಾರೂ ಇದರಾಗ ಅದಾರ."

ನಾನು ಕಾಚು ತಿಕ್ಕಕೋಂತನ ನೋಡತಿದ್ದೆ. ಮ್ಯಾಲಿನ ಸಾಲಿನವರಿಗೆ ಎಲ್ಲಾರಿಗೂ ಒಂದೇ ಗಡ್ಡ, ಒಂದೇ ಮೂಗು. ಒಬ್ಬನ್ನೇ ಕೂಡಿಸಿ ಬಟ್ಟಿ ಬದಲ ಮಾಡಿ ಬರದಂಗ. ನನಗ ಮನಸಿನ್ಯಾಗ ಒಂದು ಮುಳ್ಳು ಆಡಿತು. "ಬಾಯಾರ, ಇಷ್ಟ ಹಳೇ ಕಾಲದವರನ್ನ ಯಾರು ನೋಡಿ ಬರದಾರ್ರಿ?" ಅಂದೆ.

ಆಕಿ ನಕ್ಕಳು. "ಯಾರೂ ನೋಡಿಲ್ಲವ್ವ. ಚಿತ್ರಗಾರ ಹಿಂಗ ಇದ್ದಿರಬೇಕು ಅಂತ ನೆನಸಿಕೊಂಡು ಬರದಾನ."

"ನೋಡದ ಮುಖಾ ಬರಿತಾರೇನು?"

"ಯಾಕ, ಬಸವಣ್ಣನ್ನ ಯಾರು ನೋಡ್ಯಾರ?" ಅಂದರು ನಮ್ಮ ಮನಿಯವರು. "ಬಾಗೇವಾಡಿ ಮಂದಿಗೆ ನಾ ಎಷ್ಟ ಬಸವಣ್ಣನ್ನ ಕಟ್ಟಿಕೊಟ್ಟೇನಿ. ಮೀಸಿ ಒಂದರಂಗ ಒಂದಿಲ್ಲ."

ಅದಕ್ಕ ಮೂವರೂ ನಕ್ಕಿವಿ. ನಗಿ ಕೇಳಿ ಅತ್ತಿ ಹಿಂದಿನ ಖೋಲಿಂದ ಬಂದಳು. ಆಕಿ ಮುಖಗಳನ್ನ ನೋಡಲೇ ಇಲ್ಲ. ಸೀದಾ ಕೀಲಿಕೈ ಮ್ಯಾಲ ಬೆರಳಿಟ್ಟಳು.

"ಇದು ಯಾ ಮನಿ ಕೀಲಿ?"

"ಸ್ವರ್ಗದ್ದು ಮಾಬುಬಿ ಅಮ್ಮಾ."

"ಎರಡು ಯಾಕ? ಒಂದು ತೆರಿಯಾಕ, ಒಂದು ಹಾಕಾಕೇನು?"

"ಹೌದ್ರಿ, ಹಂಗನ" ಅಂದಳು ನರ್ಸಬಾಯಿ, ಖುಷಿಯಿಂದ. ಅತ್ತಿಗೆ ಖುಷಿ ಆಗಲಿಲ್ಲ.

ಆಮ್ಯಾಲ ನರ್ಸಬಾಯಿ ಚೀಲದಾಗಿಂದ ಒಂದು ಸಣ್ಣ ಚಿತ್ರ ತಗದಳು. ಯಾವುದೋ ಪುಸ್ತಕದಿಂದ ದುಂಡಗ ಕತ್ತರಿಸಿದ್ದು. ದಪ್ಪ ಮುಖದ ಒಬ್ಬ ಮುದುಕ, ಬಿಳೀ ಟೊಪಿಗಿ. "ಇವರು ಈಗ ಪೀಠಕ್ಕ ಬಂದಾರ. ಹಳೆಯವರು ತೀರಿಕೊಂಡು ಇವರು ಬಂದ್ರು. ಇವರನ್ನ ಇಲ್ಲಿ ಅಂಟಸ್ರಿ" ಅಂತ ಕೊನೀ ಸಾಲು ತೋರಿಸಿದಳು.

ಆಗ ಕಂಡಿತು ನಮಗ. ಕೊನೀ ಸಾಲಿನ್ಯಾಗ ನಾಕೈದು ಮನಿ ಖಾಲಿ ಇದ್ದವು. ಬಂಗಾರದ ದುಂಡು ಐತಿ, ಒಳಗ ಮುಖಾ ಇಲ್ಲ.

"ಉಳಿದವು ಯಾರಿಗೆ?" ಅಂದಳು ಅತ್ತಿ.

"ಮುಂದ ಬರೋವರಿಗೆ."

"ಯಾರು ಬರೋವರು?"

"ಅದು ಯಾರಿಗೂ ಗೊತ್ತಿಲ್ಲಮ್ಮಾ. ಒಬ್ಬರು ಹೋದ ಮ್ಯಾಲ ಒಬ್ಬರು ಬರ್ತಾರ."

ಅತ್ತಿ ಒಳಗ ಹೋಗಿ ಅಬಿದಾನ ಬಾಜೂಕ ಕೂತಳು. ನರ್ಸಬಾಯಿ ನಡದ ಮ್ಯಾಲ ಹೊರಗ ಬಂದು, ಮಗನಿಗೆ ಅಂದಳು, "ಖಾಲಿ ತೊಟ್ಟಿಲ ತೂಗಬಾರದು ಅಂತ ಊರೆಲ್ಲಾ ಹೇಳತೈತಿ. ಆಕಿ ತೊಟ್ಟಿಲ ಸಾಲ ಹಚ್ಚಿ ತೂಗಾಕತ್ಯಾಳ. ಅದೂ ಹಡಿಯೋ ಮಂಚದ ಎದುರಿಗೆ."

"ಅವ್ವಾ, ಅದು ಮಠದ ಪೀಠ ಇದ್ದಂಗ. ಒಬ್ಬ ಸ್ವಾಮಿ ಆದ ಮ್ಯಾಲ ಒಬ್ಬ ಸ್ವಾಮಿ."

"ಲಚ್ಯಾಣದಾಗ ಮುಂದಿನ ಸ್ವಾಮಿಗೆ ಈಗಿಂದನ ಗದ್ದಿಗಿ ತೋಡಿ ಇಟ್ಟಾರೇನು?"

ಖಾಲಿ ಕಟ್ಟನ್ನ ಗ್ವಾಡಿಗೆ ತಿರುವಿ ಇಡೋ ಮನಿಯಾಗ ಬೆಳದವರೇ ನಮ್ಮ ಮನಿಯವರು. ಪಟವನ್ನೂ ಹಂಗನ ತಿರುವಿ ಇಟ್ಟರು.

ಹೊತ್ತು ಮುಳುಗೋ ಮುಂದ ಗುಂಡವ್ವ ಬಂದಳು. ನರ್ಸಬಾಯಿ ಊರಿಗೆ ಬಂದಾಗಿಂದ ಗುಂಡವ್ವನ್ನ ಕರಿಯೋ ಮನಿ ಕಡಿಮಿ ಆಗಿದ್ದವು. ಅದು ಆಕಿ ಮನಸಿನ್ಯಾಗ ಇದ್ದೇ ಇತ್ತು. ಅತ್ತಿ ಬಾಯಿಂದ ಎಲ್ಲಾ ಕೇಳಿ, ಪಟ ತಿರುವಿ ನೋಡಿ ಬಾಯಿ ಮ್ಯಾಲ ಕೈ ಇಟ್ಟಳು.

"ಯವ್ವಾ! ಇಷ್ಟ ಮಂದಿ ಗಂಡಸರು ಪಿಳಿಪಿಳಿ ನೋಡಾಕತ್ತಿದ್ರ ಯಾ ಹೆಂಗಸಿಗೆ ಹೆರಿಗಿ ಆದೀತು? ಕೂಸೂ ನಾಚಿ ಒಳಗ ಹೋದೀತು!"

ಅಬಿದಾ ಹೊಟ್ಟಿ ಹಿಡಕೊಂಡು ನಕ್ಕಳು. ಅತ್ತಿ ನಗಲಿಲ್ಲ. ಗುಂಡವ್ವ ದನಿ ಸಣ್ಣದು ಮಾಡಿದಳು. "ಮಾಬುಬಕ್ಕಾ, ನಾ ಅಂತ ಹೇಳಬ್ಯಾಡ. ಒಬ್ಬ ಸತ್ರ ಒಂದು ಮನಿ ತುಂಬತೈತಿ ಅಂತ ಆಕಿ ಬಾಯಿಲೇ ಹೇಳ್ಯಾಳಲ್ಲ? ಸಾಯೋರು ಎಲ್ಲಿ ಸಾಯತಾರ, ತುಂಬೋದು ಎಲ್ಲಿ ತುಂಬತೈತಿ, ನಮಗೇನ ಗೊತ್ತು? ಒಬ್ಬಾಕಿ ಹೆಣ್ಣಮಗಳು, ಗಂಡ ಇಲ್ಲ, ಮಕ್ಕಳಿಲ್ಲ. ದಿನಾ ಸಂಜೀಕ ಮಣಿ ಎಣಿಸಿಕೋಂತ ಏನೋ ಅಂತಾಳಂತ."

"ತಸ್ಬಿ ಮಣಿ ನಾವೂ ಎಣಿಸತೀವಿ" ಅಂದೆ ನಾನು.

"ನೀವು ಯಾರ ಹೆಸರ ಹೇಳತೀರಿ ನನಗ ಗೊತ್ತೈತಿ. ಆಕಿ ಯಾರ ಹೆಸರ ಹೇಳತಾಳ?"

ಆ ಮಾತು ನನ್ನನ್ನೂ ಹಿಡೀತು, ಸುಳ್ಳು ಯಾಕ ಹೇಳಲಿ.

ಮರುದಿನ ಮುಂಜಾನೆ ಅತ್ತಿ ಮಗನ ಮುಂದ ಕೂತು ಹೇಳಿದಳು. "ಅಬಿದಾನ ನಾ ಅಲ್ಲಿಗೆ ಕಳಸಬೇಕಂದ್ರ ಆ ಖಾಲಿ ಮನಿ ಮುಚ್ಚು. ಇಲ್ಲಾಂದ್ರ ಇಲ್ಲೇ ಹಡೀಲಿ, ಹೆಂಗ ಬರತೈತಿ ಹಂಗ."

ತಂಗಿ ಜೀವದ ಮುಂದ ಪಟ ಯಾ ಲೆಕ್ಕ ಅಂತ ನಮ್ಮ ಮನಿಯವರು ಬುದ್ಧಿ ಓಡಿಸಿದರು. ಮೊಹರಂ ಡೋಲಿಗೆ ಹಚ್ಚಿ ಉಳಿದಿದ್ದ ಬೇಗಡಿ ಕಾಗದ ಮನಿಯಾಗ ಇತ್ತು, ಮಿರಿಮಿರಿ ಮಿಂಚೋದು. ಹೊಸ ಗುರುವನ್ನ ಅವರ ಮನಿಯಾಗ ಅಂಟಿಸಿ, ಉಳಿದ ಖಾಲಿ ಮನಿಗಳಿಗೆ ಬೇಗಡಿಯ ಹೂವು ಕತ್ತರಿಸಿ ಹಚ್ಚಿದರು. ಕೈಗೆಲಸ ಚಂದ ಇತ್ತು. ಗೊತ್ತಿಲ್ಲದವರು ನೋಡಿದರ ಪಟದ ಅಂಚಿಗೆ ಹೂವಿನ ಬಳ್ಳಿ ಬಿಟ್ಟೇತಿ ಅನ್ನಬೇಕು. ಅತ್ತಿ ನೋಡಿ, "ಈಗ ಆತು" ಅಂದಳು. ಅಬಿದಾನ ಬಟ್ಟಿಗಂಟು ಕಟ್ಟಿ ಬಾಗಲ ಹತ್ರ ಇಟ್ಟಳು.

ಬಿಸಲು ಏರಿದ ಮ್ಯಾಲ ನರ್ಸಬಾಯಿ ಪಟ ಒಯ್ಯಾಕ ಬಂದಳು. ನೋಡಿದಾಕಿ ಬೇಗಡಿ ಹೂವಿನ ಮ್ಯಾಲ ಬೆರಳಿಟ್ಟಳು.

"ಯಾರು ಮಾಡಿದ್ದಿದು?"

"ಚಂದ ಕಾಣಲಿ ಅಂತ ಹಚ್ಚೇನ್ರಿ" ಅಂದರು ನಮ್ಮ ಮನಿಯವರು.

"ಚಂದಕ್ಕಲ್ಲ. ನಿಮಗ ಯಾರೋ ಹೇಳ್ಯಾರ. ನಮ್ಮ ಗುರುಗಳನ್ನ ಚ್ಯಾಷ್ಟಿ ಮಾಡಾಕ ಹಚ್ಯಾರ." ಕಟ್ಟಿ ಮ್ಯಾಲ ಗುಂಡವ್ವ ಕೂತಿದ್ದಳು, ನರ್ಸಬಾಯಿ ಆಕೀನ್ನೇ ನೋಡಿದಳು. ಗುಂಡವ್ವ ಬೀದಿ ನೋಡಿದಳು.

"ನಾನೇ ಹೇಳೇನಿ" ಅಂತ ಅತ್ತಿ ಮುಂದ ಬಂದಳು.

"ಇವು ಎಲ್ಲಾ ತುಂಬಿದ್ರ ಏನಾಗತೈತಿ ಗೊತ್ತೇನ್ರಿ ನಿಮಗ? ರೋಮ್‌ದಾಗ ಒಂದು ದೊಡ್ಡ ಗುಡಿಯೊಳಗ ಗ್ವಾಡಿ ಸುತ್ತಾ ಇಂಥವೇ ದುಂಡ ಮನಿ ಅದಾವಂತ. ಕೊನೀ ಮನಿ ತುಂಬಿದ ದಿನ ಲೋಕ ಮುಗೀತೈತಿ ಅಂತ ನಮ್ಮ ಅಜ್ಜಿ ಹೇಳತಿದ್ದಳು. ಖಾಲಿ ಇದ್ರನ ಮುಂದ ಒಬ್ಬರು ಬರೋವರು ಅದಾರ ಅಂತ ಧೈರ್ಯ. ನೀವು ಮುಂದಿನ ದಾರಿನ ಮುಚ್ಚೀರಿ."

"ನೀವು ತೆರದಿಟ್ಟ ದಾರಿಯೊಳಗ ಯಾರು ಹೋಗತಾರ ಅನ್ನೋದು ನಮ್ಮ ಅಂಜಿಕಿ."

"ಹಂಗಂದ್ರ?"

"ಹಡಿಯೋ ಹೆಂಗಸಿನ ಎದುರಿಗೆ ಖಾಲಿ ಮನಿ ಯಾಕ ತೂಗಹಾಕತೀರಿ?"

"ಅದು ನನ್ನ ಖೋಲಿರಿ! ನನ್ನ ದೇವರ ಮನಿ, ನನ್ನ ದವಾಖಾನಿ, ಎರಡೂ ಆ ಒಂದು ಖೋಲಿ. ಹಿಂದಿನದು ಹೊಗಿ ತುಂಬಿದ ಅಡಗಿ ಮನಿ. ಮತ್ತೆಲ್ಲಿ ಹಾಕಲಿ?" ಅಂದಾಕಿ ಅತ್ತಿ ಮುಖಾ, ನನ್ನ ಮುಖಾ, ಅಬಿದಾನ ಬಟ್ಟಿಗಂಟು, ಎಲ್ಲಾ ಒಂದು ಸುತ್ತು ನೋಡಿದಳು. "ನಾ ನಿಮ್ಮ ಕೂಸು ತಿಂತೀನಿ ಅಂತ ತಿಳಕೊಂಡೀರೇನು?"

ಅತ್ತಿ ಆ ಗಂಟನ್ನ ಕೈಲೆ ತನ್ನ ಕಡಿ ಸರಿಸಿಕೊಂಡಳು.

"ಬೇಗಡಿ ತಗೀರಿ" ಅಂದಳು ಆಕಿ. ನಮ್ಮ ಮನಿಯವರು ಮೊಳಿ ಕಿತ್ತು, ರಟ್ಟು ತಗದು, ಹಸೀ ಅರವಿ ಒತ್ತಿ ಒಂದೊಂದೇ ಹೂವು ಬಿಡಿಸಿದರು. ಆಕಿ ತಲಿ ಮ್ಯಾಲ ನಿಂತು ನೋಡಿದಳು, ಎಲ್ಲಿ ಒಂದು ಉಳಸ್ತಾರೋ ಅಂತ. ಎರಡು ಮನಿಯಾಗ ಬೇಗಡಿ ಜೋಡಿ ಬಂಗಾರದ ಬಣ್ಣಾನೂ ಕಿತ್ತು, ಬಿಳೀ ಕಲಿ ಬಿದ್ದವು. ಮತ್ತ ಕಟ್ಟಿ ಕೊಟ್ಟ ಮ್ಯಾಲ ಅಷ್ಟ ಭಾರದ ಪಟವನ್ನ ಯಾರ ಕೈಗೂ ಕೊಡದ, ತಾನೇ ಎದಿಗೆ ಒತ್ತಿಕೊಂಡು ಹೋದಳು.

"ಮುಚ್ಚಿದ್ದನ್ನ ನನ್ನ ಮಗನ ಕೈಲೇ ತೆರಿಸಿದ್ಳು ನೋಡು" ಅಂದಳು ಅತ್ತಿ. ಬಾಗಲ ಹತ್ರದ ಗಂಟು ಬಿಚ್ಚಿ ಬಟ್ಟಿ ಒಳಗ ಇಟ್ಟಳು.

ಮರುದಿನ ಹೊತ್ತು ಹೊಂಟಾಗ ಅಬಿದಾಗ ಬ್ಯಾನಿ ಸುರು ಆತು. ಅತ್ತಿ ಗುಂಡವ್ವನ್ನ ಕರಿಸಿದಳು. ಗುಂಡವ್ವ ಎಣ್ಣಿ ಹಚ್ಚಿ ಹೊಟ್ಟಿ ತಿಕ್ಕಿದಳು, ಎಬ್ಬಿಸಿ ಅಡ್ಡಾಡಿಸಿದಳು, ಕಂಬ ಹಿಡಿಸಿ ನಿಲ್ಲಿಸಿದಳು. ಬಿಸಿಲು ಅಂಗಳಕ್ಕ ಇಳೀತು. ನಾನು ನೀರು ಕಾಸೋದು, ಒಯ್ಯೋದು ಮಾಡತಿದ್ದೆ. ಗುಂ‌ಡವ್ವ ಮತ್ತ ಹೊಟ್ಟಿ ಮ್ಯಾಲ ಕೈ ಇಟ್ಟು ಭಾಳ ಹೊತ್ತು ಕೂತು, ಅತ್ತಿ ಕಡಿ ನೋಡದ ಅಂದಳು, "ಅಡ್ಡ ಐತಿ ಯಕ್ಕಾ. ತಲಿ ಬಗಲಾಗ ಕೂತೈತಿ. ಇದು ನನ್ನ ಕೈಲೆ ಆಗೂದಲ್ಲ."

"ನೀನೇ ಅಲ್ಲೇನು ನಿನ್ನೆ ಮೊನ್ನೆ ಆ ಮಾತು ಈ ಮಾತು ಆಡಿದಾಕಿ?" ಅಂದೆ ನಾನು.

"ಆಡೇನಿ. ಮಾತು ಬ್ಯಾರೆ, ಜೀವ ಬ್ಯಾರೆ. ಬ್ಯಾಗ ಒಯ್ರಿ."

ಅತ್ತಿ ಹೊಚ್ಚಲದ ಮ್ಯಾಲ ನಿಂತಳು. "ಆ ಖಾಲಿ ಮನಿ ಮುಂದ ನನ್ನ ಮಗಳನ್ನ ಮಲಗಿಸೂದಿಲ್ಲ."

ಅಬಿದಾ ಕಂಬ ಬಿಟ್ಟು ಎರಡು ಹೆಜ್ಜಿ ಬಂದಳು. ಬೆವರಿಗೆ ಕೂದಲು ಹಣಿಗೆ ಅಂಟಿದ್ದವು. "ಅವ್ವಾ, ಎರಡು ಸಲ ನಿನ್ನ ಮಾತು ಕೇಳಿ ಎರಡು ಕೂಸು ಮಣ್ಣಾಗ ಇಟ್ಟೇನಿ. ನಾ ಪಟ ನೋಡಾಕ ಹೊಂಟಿಲ್ಲ, ಹಡ್ಯಾಕ ಹೊಂಟೇನಿ. ದಾರಿ ಬಿಡು."

ಅತ್ತಿ ಬಿಟ್ಟಳು ಅನ್ನೋದಕ್ಕಿಂತ ಗ್ವಾಡಿಗೆ ಸರದಳು. ನಮ್ಮ ಮನಿಯವರು ಬಾಜೂಮನಿ ಚಾಂದಸಾಬನ ಟಾಂಗಾ ಕಟ್ಟಿಸಿ ತಂದರು. ಎಲ್ಲಾರೂ ಹೊಂಟಿವಿ; ಗುಂಡವ್ವನೂ ಹಿಂದಿಂದ ನಡಕೋಂತ ಬಂದಳು.

ಡಾಕ್ಟರರು ಅಂದು ಊರಾಗ ಇರಲಿಲ್ಲ, ಸಿಂದಗಿಗೆ ಹೋಗಿದ್ದರು. ನರ್ಸಬಾಯಿ ಬಾಗಲದಾಗ ಎರಡೂ ಕೈ ಅಡ್ಡ ಹಿಡದು ನಿಂತಳು. "ಮೊದಲು ಒಂದ ಮಾತು ಹೇಳ್ರಿ. ನಾಳೆ ಏನರ ಹೆಚ್ಚುಕಡಿಮಿ ಆದ್ರ ನನ್ನ ಮ್ಯಾಲ ಹಾಕ್ತೀರಿ ನೀವು. ನಿಮ್ಮ ಕಣ್ಣು ನಾ ನಿನ್ನೆ ನೋಡೇನಿ. ಯಾರು ಒಪ್ಪಿ ಕರಕೊಂಡ ಬಂದೀರಿ?"

ಟಾಂಗಾದಾಗಿಂದ ಅಬಿದಾನ ದನಿ ಬಂತು. "ನಾ ಒಪ್ಪೇನ್ರಿ ಬಾಯಾರ. ಜಗಳ ಆಮ್ಯಾಲ ಮಾಡ್ರಿ."

ಮಂಚದ ಮ್ಯಾಲ ಮಲಗಿಸಿದಿವಿ. ಎದುರಿಗೆ ಪಟ ತೂಗತಿತ್ತು, ಬಂಗಾರದ ಪಟ್ಟಿ ಹೊಳಕೋಂತ. ಅಷ್ಟ ಧೈರ್ಯದ ಮಾತಾಡಿದ ಅಬಿದಾನ ಕಣ್ಣು ಅಲ್ಲಿಗೆ ಹೋಗಿ ಸಿಕ್ಕಿಬಿದ್ದವು. ಬಿಳೀ ಕಲಿ ಬಿದ್ದ ಮನಿಗಳನ್ನ ನೋಡಕೋಂತ ಮೈಯೆಲ್ಲಾ ಬಿಗೀ ಹಿಡದಳು. ನರ್ಸಬಾಯಿ ಹೊಟ್ಟಿ ಮ್ಯಾಲ ಕೈ ಇಟ್ಟು, "ಮೈ ಸಡಲ ಬಿಡವ್ವ, ಬಿಗೀ ಹಿಡದ್ರ ಕೂಸು ತಿರಗೂದಿಲ್ಲ" ಅಂದಳು. ಅಬಿದಾನ ಕಣ್ಣು ಎತ್ತ ಹೋಗ್ಯಾವ ಅಂತ ತಿರುಗಿ ನೋಡಿದಳು. ಸ್ಟೂಲ್ ಮ್ಯಾಲ ಹತ್ತಿ, ಪಟ ಇಳಿಸಿ, ಬಾಗಲಿಗೆ ಬಂದು ನಮ್ಮ ಮನಿಯವರ ಕೈಗೆ ಕೊಟ್ಟಳು.

"ಹಿಡಕೊಂಡ ನಿಂದರ್ರಿ. ನೆಲಕ್ಕ ಇಡಬ್ಯಾಡ್ರಿ."

ಅವರು ಅಂಗಳದಾಗ ಪಟ ಹಿಡಕೊಂಡು ನಿಂತರು. ಮುಖಗಳು ಬಾಗಲ ಕಡಿ ಇದ್ದವು. "ಆ ಕಡಿ ತಿರುಗಿ ನಿಂದ್ರೋ!" ಅಂತ ಅತ್ತಿ ಒದರಿದಳು. ಅವರು ರಸ್ತಾ ಕಡಿ ತಿರುಗಿದರು. ದವಾಖಾನಿಗೆ ಬಂದ ಮಂದಿ ನಿಂತು ನೋಡಾಕ ಹತ್ತಿದರು. ಒಬ್ಬ, "ಏನ ಕಾಸಿಂಸಾಬ, ಹರಾಜಿಗೆ ತಂದೀಯೇನು?" ಅಂದ. ಅವರು ಗ್ವಾಡಿ ಕಡಿ ತಿರುಗಿದರು. ಬಿಸಲಾಗ ಬೆನ್ನು ಸುಡಾಕತ್ತಿದರೂ ಪಟ ನೆಲಕ್ಕ ಇಡಲಿಲ್ಲ.

ಒಳಗ ನರ್ಸಬಾಯಿ ಹೊಟ್ಟಿ ಮ್ಯಾಲಿಂದನ ಎರಡೂ ಕೈಲೆ ಕೂಸನ್ನ ತಿರುವಿದಳು, ಚೂರು ಚೂರೇ, ಬ್ಯಾನಿ ಬಂದಾಗ ಹಿಡದು, ಹೋದಾಗ ನೂಕಿ. ನಾನು ಅಬಿದಾನ ಹೆಗಲು ಹಿಡದಿದ್ದೆ. ಹೊತ್ತು ವಾಲಿದ ಮ್ಯಾಲ ಕೂಸು ಬಂತು. ಹೆಣ್ಣು. ಮೈ ನೀಲಿಗಟ್ಟಿತ್ತು, ಅಳಲಿಲ್ಲ. ಕಾಲು ಹಿಡದು ಬೆನ್ನಿಗೆ ತಟ್ಟಿದಳು, ಅಳಲಿಲ್ಲ. ಬಾಯಾಗ ಬೆರಳಿಟ್ಟು ಸ್ವಚ್ಛ ಮಾಡಿದಳು, ಇಲ್ಲ. ಆಗ ಬಟ್ಟಲದಾಗಿನ ತಣ್ಣೀರಾಗ ಬೆರಳು ಅದ್ದಿ, ಕೂಸಿನ ಹಣಿ ಮ್ಯಾಲ ನೀರು ಬಿಟ್ಟಳು. ಮತ್ತ ಬಿಟ್ಟಳು, ಮತ್ತ. ತುಟಿ ಏನೋ ಅಂತಿದ್ದವು. ಬಾಗಲ ಸಂದಿನ್ಯಾಗ ಅತ್ತಿ ನಿಂತು ನೋಡತಿದ್ದಳು.

ಕೂಸು ಒಮ್ಮೆಲೇ ಕೆಮ್ಮಿ, ಚೀರಿತು.

ಅಬಿದಾ ಅಳಾಕ ಹತ್ತಿದಳು. ನಾನೂ ಅತ್ತೆ. ಅತ್ತಿ ಒಳಗ ಬಂದು ಕೂಸಿನ ಮುಖಾ ನೋಡಲಿಲ್ಲ, ಹಣಿ ನೋಡಿದಳು. ಕಿರಸ್ತಾನರು ಹಣಿಗೆ ನೀರು ಬಿಟ್ಟು ಕೂಸನ್ನ ತಮ್ಮ ಮತಕ್ಕ ಸೇರಿಸಿಕೋತಾರ ಅಂತ ಎಲ್ಲೋ ಕೇಳಿದ್ದಳು. "ನೀರು ಯಾಕ ಹಾಕಿದ್ರಿ?"

"ಉಸಿರು ಬರಲಿ ಅಂತ."

"ಬಾಯಾಗ ಏನಂದ್ರಿ?"

"ದೇವರ ಹೆಸರು ಹೇಳಿದೆ."

"ಯಾ ದೇವರು?"

ನರ್ಸಬಾಯಿ ಹೊಕ್ಕುಳ ಕಟ್ಟಕೋಂತ, ತಲಿ ಎತ್ತದ ಅಂದಳು, "ಆ ವ್ಯಾಳ್ಯಾಕ ಬಾಯಿಗೆ ಬಂದ ದೇವರು."

ಅತ್ತಿ ಕೂಸನ್ನ ಅರವಿಯಾಗ ಸುತ್ತಿ ಅಂಗಳಕ್ಕ ಓಡಿದಳು. "ಕಾಸೀಮ, ಬಾಂಗ ಹೇಳೋ, ಕಿವಿಯಾಗ ಬಾಂಗ ಹೇಳು, ಲಗೂನ!" ಅವರ ಎರಡೂ ಕೈಯಾಗ ಪಟ. ನೆಲಕ್ಕ ಇಡೂಹಂಗಿಲ್ಲ. ಗುಂಡವ್ವ ಕಟ್ಟಿ ಮ್ಯಾಲ ಕೂತಿದ್ದಳು; ಪಟ ಆಕಿ ಕೈಗೆ ಹಿಡಿಸಿದರು. "ಯವ್ವಾ, ನನಗ್ಯಾಕ!" ಅಂತ ಆಕಿ ಕಣ್ಣು ಮುಚ್ಚಿ ಹಿಡಕೊಂಡಳು, ಬಿಸಿ ಪಾತ್ರಿ ಹಿಡದಂಗ. ಅವರು ಕೂಸನ್ನ ತಗೊಂಡು ಬಲಗಿವಿಯಾಗ ಬಾಂಗ ಹೇಳಿದರು. ಹುಟ್ಟಿದ ಕೂಸಿನ ಕಿವಿಗೆ ಮೊದಲು ಬೀಳಬೇಕಾದ ಮಾತು ನಮ್ಮಲ್ಲಿ ಅದೇ. ನರ್ಸಬಾಯಿ ಬಾಗಲದಾಗ ಕೈ ಒರಸಿಕೋಂತ ಮುಗಿಯೋತನಕ ನಿಂತು ಕೇಳಿದಳು.

ಆಮ್ಯಾಲ ಏನಾಗಬೇಕಿತ್ತು? ಸಕ್ಕರಿ ಹಂಚಬೇಕಿತ್ತು, ಆಕಿ ಮನಿಗೆ ಸೀರಿ ಒಯ್ಯಬೇಕಿತ್ತು. ಅತ್ತಿ ಸಕ್ಕರಿ ಹಂಚಿದಳು, ಎಲ್ಲಾರ ಮನಿಗೂ. ದವಾಖಾನಿ ಕಡಿ ಒಂದು ಮನಿ ಬಿಟ್ಟು. "ಕೂಸು ಉಳೀತು. ಅಲ್ಲಾ ದೊಡ್ಡವ. ಆದ್ರ ಆಕಿ ಏನ ಗುರ್ತು ಹಾಕ್ಯಾಳೋ ಹಣಿ ಮ್ಯಾಲ, ನಿನಗ ಕಾಣತೈತೇನು?" ಅಂತ ನನ್ನ ಕೇಳತಿದ್ದಳು. ದಿನಾ ಎಣ್ಣಿ ಹಚ್ಚೋ ಮುಂದ ಕೂಸಿನ ಹಣಿ ಮಾತ್ರ ಹೆಚ್ಚಿಗೆ ತಿಕ್ಕತಿದ್ದಳು. ಅಬಿದಾ ಬೈತಿದ್ದಳು, "ತೊಗಲು ಕಿತ್ತೀತಬೇ ಅವ್ವಾ!"

ಆರನೇ ದಿನ, ಛಟ್ಟಿಗೆ, ನರ್ಸಬಾಯಿ ತಾನೇ ಬಂದಳು. ಕೈಯಾಗ ಉಣ್ಣೀದು ಹೆಣದ ಸಣ್ಣ ಟೊಪಿಗಿ. ಅತ್ತಿ ಬಾಗಲದಾಗ ಕೂತಾಕಿ ಏಳಲಿಲ್ಲ.

"ಕೂಸು ಮಲಗೇತ್ರಿ" ಅಂದಳು.

ಅದೇ ಹೊತ್ತಿಗೆ ಒಳಗ ಕೂಸು ಕಿರ್ರೋ ಅಂತ ಅಳಾಕ ಹತ್ತಿತು. ಬೀದಿಗೆಲ್ಲಾ ಕೇಳಿಸಿತು. ನಾನು ಕಾಚು ಹಿಡದು ನಿಂತಿದ್ದೆ, ತಲಿ ಎತ್ತಾಕ ಆಗಲಿಲ್ಲ.

"ಹೌದ್ರಿ, ಮಲಗ್ಲಿ" ಅಂದಳು ನರ್ಸಬಾಯಿ. ಟೊಪಿಗಿಯನ್ನ ಅಂಗಡಿ ಹಲಗಿ ಮ್ಯಾಲ ಇಟ್ಟು ಹೋದಳು.

ಗುಂಡವ್ವ ಊರ ಮುಂದ ಎರಡೂ ಥರ ಹೇಳಿದಳು. "ಆಕಿ ಕೈ ಬಂಗಾರ" ಅಂತಾನೂ ಹೇಳಿದಳು, "ಆ ಪಟ ಹಿಡದಾಗಿಂದ ನನ್ನ ಬಲಗೈ ಜೋಮು ಹಿಡದೈತಿ" ಅಂತಾನೂ ಹೇಳಿದಳು. ಮಂದಿ ಎರಡನೇದನ್ನ ನಂಬಿದರು. ಬಸುರಿ ಹೆಣ್ಣಮಕ್ಕಳು ಆ ಖೋಲಿಗೆ ಹೋಗೋದು ಬಿಟ್ಟರು. ಯಾರೋ ಮ್ಯಾಲಿನವರಿಗೆ ಅರ್ಜಿ ಹಾಕಿದರಂತ. ಯಾರಂತ ಇಂದಿಗೂ ನನಗ ಗೊತ್ತಿಲ್ಲ, ಆದ್ರ ಆವಾಗ ಒಬ್ಬರ ಮುಖಾ ಒಬ್ಬರು ನೋಡತಿದ್ದಿವಿ. ಪಟ ತಗದರ ಇರು ಅಂತ ಆಕೀಗೆ ಹೇಳಿದರಂತ. ಹಡಿಯೋ ಹೆಣ್ಣಮಗಳು ಅಂಜಿದಾಗ ತಾನಾಗೇ ಇಳಿಸಿದಾಕಿ, ಯಾರೋ ಹೇಳ್ಯಾರ ಅಂತ ಇಳಿಸಲಿಲ್ಲ. ಮುದ್ದೇಬಿಹಾಳಕ್ಕ ಕಳಸ್ರಿ ಅಂತ ತಾನೇ ಕೇಳಿಕೊಂಡಳು.

ನಲವತ್ತು ದಿನದ ಚಿಲ್ಲಾ ಮುಗಿದ ಮ್ಯಾಲ ಅಬಿದಾನ ಗಂಡ ಮೈಬೂಬ ಕರಿಯಾಕ ಬಂದ. ಬಸ್ಸು ಬರಾಕ ಇನ್ನೂ ಹೊತ್ತಿತ್ತು. ಅಬಿದಾ ಕೂಸನ್ನ ಎತ್ತಿಕೊಂಡು ಎದ್ದು, "ಭಾಬಿ, ನಡಿ" ಅಂತ ನನಗ ಅಂದಳು. ದವಾಖಾನಿ ಕಡಿ ಅನ್ನೋದು ಹೇಳದನ ತಿಳೀತು. ಅತ್ತಿ ಆಕಿ ಸೆರಗು ಹಿಡದಳು; ಅಬಿದಾ ಬಿಡಿಸಿಕೊಂಡಳು. ನರ್ಸಬಾಯಿ ಮುಂದಿನ ಖೋಲಿಯಾಗ ಸಾಮಾನು ಕಟ್ಟತಿದ್ದಳು. ಕೂಸನ್ನ ಕೊಟ್ಟಾಗ ತಗೋಬೇಕೋ ಬ್ಯಾಡೋ ಅಂತ ನನ್ನ ಮುಖಾ ನೋಡಿದಳು. ತಗೊಂಡಳು. ಎತ್ತಿ ಹಿಡದು ತೂಕ ನೋಡಿದಳು ಅಷ್ಟೇ, ಹಣಿ ಮುಟ್ಟಲಿಲ್ಲ. "ಛಲೋ ಆಗೇತಿ" ಅಂದು ತಿರುಗಿ ಕೊಟ್ಟಳು. ನಾವು ಬಸ್ ಸ್ಟ್ಯಾಂಡಿಗೆ ಬಂದಾಗ ಅತ್ತಿ ಸೆರಗಿನ ಚುಂಗು ಒದ್ದಿ ಮಾಡಿಕೊಂಡು ಕಾಯತಿದ್ದಳು. ಕೂಸಿನ ಹಣಿ ಒರಸಿ, ಆಮ್ಯಾಲ ಮುದ್ದು ಕೊಟ್ಟಳು.

ಅಬಿದಾ ಕೂಸಿನ ಜೋಡಿ ಇಂಗಳೇಶ್ವರಕ್ಕ ಹೋದದ್ದು ಗುರುವಾರ. ಮುಂದಿನ ಸೋಮವಾರ ನರ್ಸಬಾಯಿ ಮುದ್ದೇಬಿಹಾಳದ ಬಸ್ಸು ಹತ್ತಿದಾಗ ನಮ್ಮ ಮನಿಯವರು ಒಬ್ಬರೇ ಹೋಗಿದ್ದರು. ಟ್ರಂಕು ಹಾಸಿಗಿ ಬಸ್ಸಿನ ಮ್ಯಾಲ ಹಾಕಿಸಿದಳಂತ. ಪಟ ಮಾತ್ರ ಯಾರ ಕೈಗೂ ಕೊಡಲಿಲ್ಲಂತ. ಚಾದರ ಸುತ್ತಿ ತೊಡಿ ಮ್ಯಾಲ ಇಟ್ಟುಕೊಂಡು ಕೂತಳಂತ.